69 ಬರೆದ ಮಗುವಿಗೆ ಒಂದು ಪಾಠ, 45 ಬರೆದ ಮಗುವಿಗೆ ಇನ್ನೊಂದು

ನಾಲ್ಕನೇ ತರಗತಿಯ ಕರಿಹಲಗೆ ಮೇಲೆ ಈ ಲೆಕ್ಕ ಬರೆಯಿರಿ: ‘ಮಂಜನ ಹತ್ತಿರ 52 ಹುಣಸೆ ಬೀಜಗಳಿವೆ. ಅದು ಲಕ್ಷ್ಮಿಯ ಹತ್ತಿರ ಇರುವುದಕ್ಕಿಂತ 17 ಹೆಚ್ಚು. ಲಕ್ಷ್ಮಿಯ ಹತ್ತಿರ ಎಷ್ಟಿವೆ?’ ಬರೆದು ಮುಗಿಸುವ ಮೊದಲೇ ‘ಕೂಡೋದಾ ಮಿಸ್, ಕಳೆಯೋದಾ?’ ಎಂದು ಯಾರೋ ಕೇಳುತ್ತಾರೆ. ಹೇಳಬೇಡಿ. ಎಲ್ಲರೂ ಸ್ಲೇಟಿನಲ್ಲಿ ಮಾಡಿ ತೋರಿಸಲಿ.

35, 69, 45. ಸಾಮಾನ್ಯವಾಗಿ ಕಾಣುವ ಉತ್ತರಗಳು ಇವು. 35 ಸರಿ. ಉಳಿದೆರಡಕ್ಕೂ ಸುಮ್ನೆ ತಪ್ಪು ಗುರುತು ಹಾಕಿ ಮುಂದೆ ಹೋಗಬೇಡಿ, ಯಾಕೆಂದರೆ ಅವು ಬೇರೆ ಬೇರೆ ತಪ್ಪುಗಳು. 69 ಬರೆದ ಮಗುವಿಗೆ ಕೂಡುವುದು ಚೆನ್ನಾಗಿ ಬರುತ್ತದೆ. ‘ಹೆಚ್ಚು’ ಎಂಬ ಪದ ಕಂಡ ಕೂಡಲೇ ಕೂಡಿಬಿಟ್ಟಿದೆ, ಎಡವಿದ್ದು ಓದಿನಲ್ಲಿ. 45 ಬರೆದ ಮಗು ಸರಿಯಾಗಿಯೇ ಓದಿದೆ. 2ರಲ್ಲಿ 7 ಹೋಗಲ್ಲ ಅಂತ 7ರಲ್ಲಿ 2 ಕಳೆದಿದೆ.

ಇಬ್ಬರನ್ನೂ ಬೇರೆ ಬೇರೆ ಗುಂಪಿನಲ್ಲಿ ಕೂರಿಸಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಗುಂಪಿನಲ್ಲಿ ಚಟುವಟಿಕೆ ಮಾಡುತ್ತಾ ಕಲಿಯುವ ‘ನಲಿಕಲಿ’ ಪದ್ಧತಿಯಲ್ಲಿ ಕಲಿತು ಬಂದ ಮಕ್ಕಳಿಗೆ ಗುಂಪು ಹೊಸದಲ್ಲ.

ಓದಿನಲ್ಲಿ ಎಡವಿದ ಗುಂಪಿಗೆ ಮೊದಲು ಹಲಗೆಯ ಮೇಲಿನ ಸಂಖ್ಯೆಗಳನ್ನು ಅಳಿಸಿ. ವಾಕ್ಯ ಮಾತ್ರ ಇರಲಿ. ಅದನ್ನು ಎರಡು ಸಲ ಗಟ್ಟಿಯಾಗಿ ಓದಿಸಿ, ಒಂದೇ ಪ್ರಶ್ನೆ ಕೇಳಿ: ‘ಯಾರ ಹತ್ತಿರ ಜಾಸ್ತಿ ಇದೆ?’ ಆಮೇಲೆ ಸಣ್ಣ ಸಂಖ್ಯೆ ಹಾಕಿ. ಮಂಜನಿಗೆ 7, ಅದು ಲಕ್ಷ್ಮಿಗಿಂತ 3 ಹೆಚ್ಚು. ಮಂಜನ 7 ಬೀಜಗಳನ್ನು ನೆಲದ ಮೇಲೆ ಸಾಲಾಗಿ ಇಡಿಸಿ. ಅದರ ಕೆಳಗೆ ಲಕ್ಷ್ಮಿಯ ಸಾಲು ಬರಬೇಕು, ಆದರೆ ಮಂಜನ ಸಾಲು 3 ಬೀಜ ಮುಂದೆ ಇರಬೇಕು. ಲಕ್ಷ್ಮಿಯ ಸಾಲು ಎಲ್ಲಿ ನಿಲ್ಲುತ್ತದೆ? ಮಗುವೇ ಇಟ್ಟು ನೋಡಲಿ. ಕೊನೆಗೆ ಅದೇ ಮಾತನ್ನು ತಿರುಗಿಸಿ ಹೇಳಿಸಿ: ‘ಲಕ್ಷ್ಮಿಗೆ ಮಂಜನಿಗಿಂತ 3 ಕಡಿಮೆ.’ ಈ ತಿರುಗಿಸಿ ಹೇಳುವುದಕ್ಕೆ ಎಷ್ಟು ಹೊತ್ತು ಹಿಡಿದರೂ ಹಿಡಿಯಲಿ, ಅವಸರ ಮಾಡಬೇಡಿ. ‘ಹೆಚ್ಚು ಅಂದರೆ ಕೂಡು, ಉಳಿದದ್ದು ಅಂದರೆ ಕಳೆ’ ಎಂಬ ಸುಲಭದ ದಾರಿ ಹೇಳಿಕೊಡುವುದನ್ನು ದಯವಿಟ್ಟು ಬಿಟ್ಟುಬಿಡಿ. 69 ಬರುವುದೇ ಅದರಿಂದ.

45ರ ಗುಂಪಿಗೆ ತೆಂಗಿನ ಪೊರಕೆ ಕಡ್ಡಿ ಸಾಕು. ತುಂಡು ಮಾಡಿ, ಹತ್ತರ ಕಟ್ಟು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ. ಐವತ್ತು ಅಂದರೆ ಐದು ಹತ್ತು. ನಮ್ಮ ಸಂಖ್ಯೆಯ ಹೆಸರಲ್ಲೇ ಕಟ್ಟುಗಳ ಲೆಕ್ಕ ಇದೆ, ಅಲ್ವಾ? ಮಗುವಿನ ಮುಂದೆ 5 ಕಟ್ಟು, 2 ಬಿಡಿ ಕಡ್ಡಿ ಇಡಿ. ‘ನನಗೆ 17 ಕೊಡು’ ಅನ್ನಿ. ಒಂದು ಕಟ್ಟು ಕೊಡುತ್ತದೆ, 7 ಬಿಡಿ ಸಿಗದೆ ನಿಲ್ಲುತ್ತದೆ. ಕಾಯಿರಿ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಇನ್ನೊಂದು ಕಟ್ಟಿನ ಕಡೆ ಹೋಗುತ್ತದೆ. ಬಿಚ್ಚಿದರೆ 12 ಬಿಡಿ. 7 ಕೊಟ್ಟ ಮೇಲೆ ಉಳಿದದ್ದು 3 ಕಟ್ಟು, 5 ಬಿಡಿ. ಪಕ್ಕದಲ್ಲೇ ಸ್ಲೇಟು ಇರಲಿ. ಕಟ್ಟು ಬಿಚ್ಚಿದಾಗಲೇ 5 ಹೊಡೆದು 4, 2ರ ಜಾಗದಲ್ಲಿ 12 ಬರೆಸಿ. ‘ಪಕ್ಕದಿಂದ ಸಾಲ ತಗೋ’ ಎನ್ನುವುದಕ್ಕಿಂತ ‘ಕಟ್ಟು ಬಿಚ್ಚು’ ಎನ್ನುವುದು ಒಳ್ಳೆಯದು. ಸಾಲವಾದರೆ ತೀರಿಸಬೇಕಲ್ಲ, ಇಲ್ಲಿ ಯಾರೂ ತೀರಿಸುವುದಿಲ್ಲ!

ಮರುದಿನ ಪ್ರತಿ ಮಗುವೂ ಒಂದು ಲೆಕ್ಕ ತಾನೇ ಬರೆದು ಪಕ್ಕದವರಿಗೆ ಕೊಡಲಿ. ಓದಿದವರಿಗೆ ಅರ್ಥವಾಗದಿದ್ದರೆ ಬರೆದವರು ವಾಕ್ಯ ತಿದ್ದಬೇಕು. ಕನ್ನಡದ ಪಾಠವೂ ಆಯಿತು.

ವಾರ ಕಳೆದ ಮೇಲೆ ಅದೇ ಬಗೆಯ ಲೆಕ್ಕವನ್ನು 71 ಮತ್ತು 34 ಹಾಕಿ ಕೊಡಿ. 105 ಬರೆದವರ ಜೊತೆ ಮತ್ತೆ ಬೀಜ ಹಿಡಿದು ಕೂರಿ. 43 ಬರೆದವರ ಕೈಗೆ ಕಡ್ಡಿ ಕಟ್ಟು ಕೊಡಿ.