ಆರಂಭಕಾಲದ ಫ್ರೆಂಚ್ ಡಬಲ್ಸ್ ಚಾಂಪಿಯನ್ ಒಬ್ಬರ ಕ್ರೀಡಾಜೀವನವನ್ನು ಬರೆಯುವ ಬಗೆ

ಮೊದಲ ಮಹಾಯುದ್ಧಕ್ಕೂ ಹಿಂದಿನ ಟೆನಿಸ್ ಆಟಗಾರರ ಬಗ್ಗೆ ಬರೆಯಲು ಹೊರಟವರು ಸಾಮಾನ್ಯವಾಗಿ ಪ್ರಶಸ್ತಿಗಳ ಎಣಿಕೆಯಿಂದಲೇ ಶುರುಮಾಡುತ್ತಾರೆ. ಡಬಲ್ಸ್ ಆಟಗಾರರ ವಿಷಯದಲ್ಲಿ ಈ ಕ್ರಮ ಸಾಲದು. ಯಾವ ವರ್ಷ, ಯಾರ ಜೊತೆ, ಎಂಥ ನಿಯಮದಡಿ ಆಡಿದರು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು.

1882ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಮ್ಯಾಕ್ಸ್ ಡೆಕ್ಯೂಜಿಸ್ ಅವರನ್ನು ತೆಗೆದುಕೊಳ್ಳಿ. ವರ್ಷದ ಎದುರು ಜೊತೆಗಾರರ ಹೆಸರನ್ನು ಬರೆಯುತ್ತಾ ಹೋದರೆ, 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರೊಂದಿಗೆ ಬೆಳ್ಳಿ ಗೆದ್ದವರು ಅಮೆರಿಕದ ಬೇಸಿಲ್ ಸ್ಪಾಲ್ಡಿಂಗ್ ಡಿ ಗಾರ್ಮೆಂಡಿಯಾ ಎಂದು ತಿಳಿಯುತ್ತದೆ. ಆದ್ದರಿಂದ ಆ ಪದಕವನ್ನು ಬರೀ ಫ್ರಾನ್ಸ್‌ನ ಸಾಧನೆಯೆಂದು ಬರೆಯುವಂತಿಲ್ಲ. 1906ರ ಅಥೆನ್ಸ್ ಕ್ರೀಡಾಕೂಟದಲ್ಲಿ ಡಬಲ್ಸ್ ಚಿನ್ನ ತಂದುಕೊಟ್ಟ ಜೊತೆಗಾರ ಮೊರಿಸ್ ಜೆರ್ಮೊ, ಅಲ್ಲಿಯೇ ಸಿಂಗಲ್ಸ್‌ನಲ್ಲಿ ಡೆಕ್ಯೂಜಿಸ್ ಅವರಿಗೆ ಸೋತು ಬೆಳ್ಳಿಗೆ ತೃಪ್ತಿಪಟ್ಟರು. ಅದೇ ಕೂಟದ ಮಿಶ್ರ ಡಬಲ್ಸ್ ಚಿನ್ನ ಗೆದ್ದಾಗ ಜೊತೆಗಿದ್ದವರು ಪತ್ನಿ ಮರೀ (Marie). 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮಿಶ್ರ ಡಬಲ್ಸ್ ಚಿನ್ನ ಬಂದದ್ದು ಸುಜಾನ್ ಲೆಂಗ್ಲೆನ್ ಜೊತೆ. ಡೆಕ್ಯೂಜಿಸ್ ತಮ್ಮ ಮೊದಲ ಒಲಿಂಪಿಕ್ ಪದಕ ಗೆದ್ದಾಗ ಆಕೆ ಒಂದು ವರ್ಷದ ಕೂಸು! ಪ್ರಶಸ್ತಿಗಳ ಪಟ್ಟಿಯಷ್ಟನ್ನೇ ನೋಡಿದವರಿಗೆ ಈ ದೀರ್ಘ ಅವಧಿ ಕಣ್ಣಿಗೆ ಬೀಳುವುದಿಲ್ಲ.

ಮುಂದಿನ ಕೆಲಸ ನಿಯಮಗಳ ಪರಿಶೀಲನೆ. ಹೆಚ್ಚಿನ ಲೇಖನಗಳು ಎಡವುವುದು ಇಲ್ಲಿಯೇ. ವಿಂಬಲ್ಡನ್‌ನಲ್ಲಿ 1921ರವರೆಗೆ ಚಾಲೆಂಜ್ ರೌಂಡ್ ಪದ್ಧತಿಯಿತ್ತು: ಹಿಂದಿನ ವರ್ಷದ ವಿಜೇತರು ನೇರವಾಗಿ ಕೊನೆಯ ಪಂದ್ಯಕ್ಕೆ ಬರುತ್ತಿದ್ದರು, ಉಳಿದವರು ತಮ್ಮಲ್ಲೇ ಸೆಣಸಿ ಅವರಿಗೆ ಸವಾಲು ಹಾಕಬೇಕಿತ್ತು. 1911ರಲ್ಲಿ ಡೆಕ್ಯೂಜಿಸ್ ಮತ್ತು ಆಂದ್ರೆ ಗೊಬೇರ್ ಹಾಗೆ ಸುತ್ತು ಸುತ್ತಾಗಿ ಗೆದ್ದು ಬಂದು, ಹಾಲಿ ಚಾಂಪಿಯನ್ನರಾದ ಆಂಥೊನಿ ವೈಲ್ಡಿಂಗ್ ಮತ್ತು ಜೊಸಾಯಾ ರಿಚಿ ಜೋಡಿಯನ್ನು ಐದು ಸೆಟ್‌ಗಳಲ್ಲಿ ಮಣಿಸಿದರು. ಮರುವರ್ಷ ಅದೇ ಫ್ರೆಂಚ್ ಜೋಡಿ ರೋಪರ್ ಬ್ಯಾರೆಟ್ ಮತ್ತು ಚಾರ್ಲ್ಸ್ ಡಿಕ್ಸನ್ ಅವರಿಗೆ ಸೋತಿತು. ದಾಖಲೆಯಲ್ಲಿ ‘ರನ್ನರ್ ಅಪ್’ ಎಂದಿದ್ದರೂ, ಆ ವರ್ಷದ ಡಬಲ್ಸ್‌ನಲ್ಲಿ ಅವರು ಆಡಿದ್ದು ಆ ಒಂದೇ ಪಂದ್ಯ ಎಂಬುದನ್ನು ಓದುಗರಿಗೆ ತಿಳಿಸಲೇಬೇಕು.

ಇಂದಿನ ಫ್ರೆಂಚ್ ಓಪನ್‌ನ ಹಿಂದಿನ ರೂಪವಾದ ಫ್ರೆಂಚ್ ಚಾಂಪಿಯನ್‌ಷಿಪ್ 1891ರಲ್ಲಿ ಆರಂಭವಾದರೂ, 1924ರವರೆಗೆ ಫ್ರೆಂಚ್ ಕ್ಲಬ್‌ಗಳ ಸದಸ್ಯರಿಗಷ್ಟೇ ಅದರಲ್ಲಿ ಪ್ರವೇಶವಿತ್ತು. ಯುದ್ಧದಿಂದಾಗಿ 1915ರಿಂದ 1919ರವರೆಗೆ ಅದು ನಡೆಯಲೇ ಇಲ್ಲ. ಹಾಗಾಗಿ ಡೆಕ್ಯೂಜಿಸ್ ಅವರ ಎಂಟು ಸಿಂಗಲ್ಸ್ ಪ್ರಶಸ್ತಿಗಳನ್ನಾಗಲಿ, ಡಬಲ್ಸ್ ಪ್ರಶಸ್ತಿಗಳನ್ನಾಗಲಿ ಇಂದಿನ ಗ್ರ್ಯಾಂಡ್ ಸ್ಲ್ಯಾಮ್ ಲೆಕ್ಕಕ್ಕೆ ಸೇರಿಸಬೇಡಿ. ‘ರೋಲ್ಯಾಂಡ್ ಗ್ಯಾರೋಸ್‌ನಲ್ಲಿ ಗೆದ್ದರು’ ಎಂದಂತೂ ಬರೆಯಲೇಬಾರದು, ಆ ಕ್ರೀಡಾಂಗಣ ತೆರೆದದ್ದು 1928ರಲ್ಲಿ. 1906ರ ಅಥೆನ್ಸ್ ಕ್ರೀಡಾಕೂಟಕ್ಕೂ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ಈಗಿಲ್ಲ. ಅಲ್ಲಿನ ಮೂರು ಚಿನ್ನಗಳನ್ನು ಕೈಬಿಡುವ ಅಗತ್ಯವಿಲ್ಲ, ಬೇರೆ ಸಾಲಿನಲ್ಲಿ ತೋರಿಸಿದರಾಯಿತು.

ಪಂದ್ಯಗಳ ವಿವರಕ್ಕೆ ಫ್ರಾನ್ಸ್‌ನ ರಾಷ್ಟ್ರೀಯ ಗ್ರಂಥಾಲಯದ ‘ಗಾಲಿಕಾ’ ಡಿಜಿಟಲ್ ಸಂಗ್ರಹದಲ್ಲಿ ‘ಲೋಟೊ’ದಂಥ ಹಳೆಯ ಕ್ರೀಡಾಪತ್ರಿಕೆಗಳನ್ನು ನೋಡಬಹುದು. ಹುಡುಕುವಾಗ ಒಬ್ಬರ ಹೆಸರಿಗೇ ಅಂಟಿಕೊಳ್ಳಬೇಡಿ. ಮಸುಕಾದ ಮುದ್ರಣದಲ್ಲಿ ಕಂಪ್ಯೂಟರ್ ಡೆಕ್ಯೂಜಿಸ್ ಹೆಸರನ್ನು ತಪ್ಪಾಗಿ ಓದಿದ ಪುಟವೇ ಗೊಬೇರ್ ಅಥವಾ ಜೆರ್ಮೊ ಹೆಸರಿಗೆ ಸಿಕ್ಕೀತು.