ಅಡಿಕೆಯಿಂದ ಕ್ಯಾನ್ಸರ್ ಬರತ್ತಾ? ನಾನು ನೋಡಿದ್ದು ಹೀಗೆ

ಹೋದ ಸಲ ಕೊಯ್ಲಿಗೆ ಶಿರಸಿಗೆ ಹೋದಾಗ ದೊಡ್ಡಪ್ಪ ಅಡಿಕೆ ಸುಲೀತಾ ಕೂತಿದ್ರು, ಬಾಯಲ್ಲಿ ಕವಳ, ಅಂದ್ರೆ ಎಲೆ-ಅಡಿಕೆ. "ಅಪ್ಪಿ, ನಿನ್ನ ಕೆಲ್ಸ ಅದೇ ಅಲ್ದಾ, ಅಡಕೆ ತಿಂದ್ರೆ ಖರೇಗೂ ಕ್ಯಾನ್ಸರ್ ಬತ್ತಾ?" ಅಂತ ಕೇಳಿದ್ರು. ನಾನು ಬೆಂಗಳೂರಲ್ಲಿ ಒಂದು ಲ್ಯಾಬಲ್ಲಿ ಪೆಥಾಲಜಿಸ್ಟು, ಹೊಸ ಔಷಧಿ, ಕೀಟನಾಶಕ ಕೊಟ್ಟ ಇಲಿಗಳ ಸ್ಲೈಡ್ ನೋಡೋದೇ ಕೆಲ್ಸ, ಆದ್ರೂ ಥಟ್ಟಂತ ಬಾಯಿ ಬರ್ಲಿಲ್ಲ, ನಾನು ಓದಿದ್ದೇ ಆ ಅಡಿಕೆ ದುಡ್ಡಲ್ಲಿ. ವಾಪಸ್ ಬಂದು ಬೇರೆ ಯಾವ್ದೇ ಕೆಮಿಕಲ್‌ಗೆ ನೋಡೋ ಹಾಗೇ ಕೂತು ನೋಡ್ದೆ.

ಒಂದು ಕೆಮಿಕಲ್ ಕ್ಯಾನ್ಸರ್ ತರತ್ತಾ ಅಂತ ನೋಡೋ ಪ್ರಾಣಿ ಪರೀಕ್ಷೆ ಅಂದ್ರೆ ಎರಡು ವರ್ಷ, ಇಲಿಯ ಹೆಚ್ಚುಕಮ್ಮಿ ಇಡೀ ಆಯುಷ್ಯ. ಒಂದೊಂದು ಡೋಸಿಗೂ 50 ಗಂಡು 50 ಹೆಣ್ಣು, ಮೂರು ಡೋಸು, ಜೊತೆಗೆ ಏನೂ ಕೊಡದ ಕಂಟ್ರೋಲ್ ಗುಂಪು. ಆ ಕಂಟ್ರೋಲೇ ಜೀವಾಳ. ಹೊಸದಾಗಿ ಸೇರಿದಾಗ ಹೈ ಡೋಸ್ ಗಂಡಿಲಿಗಳ ವೃಷಣದಲ್ಲಿ ಸಾಲುಸಾಲು ಗಡ್ಡೆ ನೋಡಿ ಇದು ಕ್ಯಾನ್ಸರ್‌ಕಾರಕವೇ ಅಂತ ಬರೆದುಬಿಟ್ಟಿದ್ದೆ, ನಮ್ಮ ಸೀನಿಯರ್ ಮೇಡಂ ಏನೂ ಮಾತಾಡ್ದೆ ಕಂಟ್ರೋಲ್ ಟ್ರೇ ತಂದು ಮುಂದಿಟ್ರು, ಅದ್ರಲ್ಲೂ ಅಷ್ಟೇ ಇತ್ತು. ಫಿಶರ್ ತಳಿಯ ಇಲಿಗೆ ವಯಸ್ಸಾದ್ರೆ ಅದು ತಾನಾಗೇ ಬರತ್ತೆ.

ಇಲಿಗೆ ಬಂದಿದ್ದೆಲ್ಲ ನಮಗೂ ಬರತ್ತೆ ಅಂತಾನೂ ಇಲ್ಲ. ಸಕ್ಕರೆ ಬದಲು ಹಾಕೋ ಸ್ಯಾಕರಿನ್ನಿಂದ ಗಂಡಿಲಿಗಳ ಮೂತ್ರಕೋಶದಲ್ಲಿ ಗಡ್ಡೆ ಆಗ್ತಿತ್ತು, ಅದು ಇಲಿ ಮೂತ್ರದಲ್ಲಿ ಮಾತ್ರ ಹರಳಿನ ಹಾಗೆ ಕಟ್ಟಿ ಒಳಪದರ ಕೆಡಿಸೋದ್ರಿಂದ ಅಂತ ಗೊತ್ತಾದ್ಮೇಲೆ 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ಅದನ್ನ ಗುಂಪು 3ಕ್ಕೆ ಇಳಿಸ್ತು, ಅಂದ್ರೆ ಮನುಷ್ಯರಲ್ಲಿ ಕ್ಯಾನ್ಸರ್ ತರತ್ತೆ ಅಂತ ಹೇಳೋಕಾಗಲ್ಲ.

ಅಡಿಕೆಯಲ್ಲಿ ತೊಡಕು ತಂಬಾಕಿಂದು. ನಮ್ಮ ಕಡೆ ಸುಮಾರು ಜನ ಕವಳಕ್ಕೆ ತಂಬಾಕು ಸೇರಿಸ್ತಾರೆ, ಹಾಗಾಗಿ ಬಾಯಿ ಕ್ಯಾನ್ಸರ್ ಬಂದ್ರೆ ತಪ್ಪು ಯಾರದ್ದು ಅಂತ ಬಿಡಿಸೋದು ಕಷ್ಟ, ಎಲ್ಲಾ ತಂಬಾಕಿನ ತಲೆಗೇ ಹೋಗ್ಲಿ ಅಂತ ನಂಗೂ ಮನಸಲ್ಲಿತ್ತು. ಆದ್ರೆ ತೈವಾನಿನವರು ಕವಳಕ್ಕೆ ತಂಬಾಕು ಹಾಕಲ್ಲ, ಅಲ್ಲೂ ಕವಳ ಹಾಕೋರಿಗೆ ಬಾಯಿ ಕ್ಯಾನ್ಸರ್ ಜಾಸ್ತಿ. ಮೇಲಿಂದ ಬಾಯಿ ಬಿಗಿದು ತೆರೆಯೋಕೇ ಆಗದ ಸಬ್‌ಮ್ಯೂಕಸ್ ಫೈಬ್ರೋಸಿಸ್ ಬರೋದು ಅಡಿಕೆಯಿಂದ್ಲೇ, ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಐಎಆರ್‌ಸಿಯ 2004ರ ವರದಿಯಲ್ಲಿ ಅಡಿಕೆ ಗುಂಪು 1ಕ್ಕೆ ಹೋಗಿದೆ, ಅಂದ್ರೆ ಮನುಷ್ಯರಲ್ಲಿ ಕ್ಯಾನ್ಸರ್ ತರೋದು ಖಚಿತ. ಅದನ್ನ ಓದಿ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಅಡಿಕೆಯೊಳಗಿನ ಅರೆಕೋಲಿನ್ ಅನ್ನೋ ಕೆಮಿಕಲ್ ಐಎಆರ್‌ಸಿಯ 2020ರ ಸಭೆಯಲ್ಲಿ 2ಬಿ ಗುಂಪಿಗೆ ಬಂತು, ಅಂದ್ರೆ ಕ್ಯಾನ್ಸರ್ ತರಬಹುದು ಅಂತಷ್ಟೇ. ಬರೀ 2ಬಿ ಅಲ್ವಾ ಹಾಗಾದ್ರೆ ಅಡಿಕೆ ಸೇಫು ಅಂತ ಊರಲ್ಲಿ ಇಬ್ಬರು ವಾದ ಮಾಡಿದ್ರು, ಅದು ತಪ್ಪು. ಒಂಟಿ ಕೆಮಿಕಲ್ಲಿನ ಬಗ್ಗೆ ಪುರಾವೆ ಕಮ್ಮಿ ಇದೆ ಅಂತಷ್ಟೇ ಅದ್ರರ್ಥ, ಬಾಯಲ್ಲಿ ಅಗಿಯೋದು ಇಡೀ ಅಡಿಕೆ, ಅಗಿದಾಗ ಎಂಜಲಲ್ಲಿ ಕ್ಯಾನ್ಸರ್ ತರೋ ನೈಟ್ರೋಸಮೀನ್ ಹುಟ್ಟತ್ತೆ, ಸುಣ್ಣ ಸೇರಿದ್ರೆ ಜೀವಕೋಶ ಕೆಡಿಸೋ ಆಕ್ಸಿಜನ್ ಕಣಗಳೂ ಹುಟ್ಟತ್ತೆ. ಹಾಗೇ ಗುಂಪು 1 ಅಂದ್ರೆ ತಿಂದವರಿಗೆಲ್ಲ ಬರತ್ತೆ ಅಂತಾನೂ ಅಲ್ಲ, ಪುರಾವೆ ಎಷ್ಟು ಗಟ್ಟಿ ಅನ್ನೋದನ್ನ ಮಾತ್ರ ಅದು ಹೇಳತ್ತೆ, ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ ಅನ್ನೋದು ಬೇರೆ ಲೆಕ್ಕ.

ದೊಡ್ಡಪ್ಪಂಗೆ ಫೋನ್ ಮಾಡಿ ಇಷ್ಟೂ ಹೇಳ್ದೆ. ಹಾಗೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಹೋಗತ್ತಾ ನೋಡಿ, ಹೋಗ್ದಿದ್ರೆ ಬಾಯಿ ಬಿಗೀತಿರಬಹುದು ಅಂದೆ. ಸ್ವಲ್ಪ ಹೊತ್ತು ಬಿಟ್ಟು "ಎರಡೇ ಹೋಗ್ತು" ಅಂದ್ರು. ಸೋಮವಾರ ಹುಬ್ಬಳ್ಳಿಗೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದೀನಿ.