ನೆಫರ್ಟಿಟಿ ನಾಲ್ಕನೇ ಸಲಕ್ಕೆ ನಿಂತಳು

ಪ್ರಾಚೀನ ಈಜಿಪ್ಟಿನ ರಾಣಿ ನೆಫರ್ಟಿಟಿಯ ತಲೆ-ಕತ್ತಿನ ಶಿಲ್ಪದ ಪ್ಲಾಸ್ಟರ್ ನಕಲು ಕೊನೆಗೂ ಬಂತು. ಬಿರುಕಿಲ್ಲ, ಕತ್ತು ನೆಟ್ಟಗಿದೆ. "ಒಳಗೊಂದು ತಿರುಳು, ಮೇಲೆ ತೆಳು ಪ್ಲಾಸ್ಟರ್ ಅಂದ್ರೆ ಹಪ್ಪಳದ ಹಾಗೆ ಎದ್ದು ಬರುತ್ತೆ, ಸುಮ್ನೆ ಒಂದೇ ಎರಕ ಹುಯ್ಯಿ ಮಾರಾಯ" ಎಂದಿದ್ದ ಗೆಳೆಯರು ಈಗ ಮನೆಗೆ ಬಂದು ಬೆರಳಲ್ಲಿ ತಟ್ಟಿ ನೋಡುತ್ತಿದ್ದಾರೆ.

ನನ್ನ ವಾದ ಇಷ್ಟೇ ಇತ್ತು. ಈಜಿಪ್ಟಿನ ಅಮರ್ನಾ ಊರಿನ ಶಿಲ್ಪಿ ಥುಟ್ಮೋಸ್ ಮೂಲವನ್ನು ಮಾಡಿದ್ದೂ ಹೀಗೇ. ಒಳಗೆ ಸುಣ್ಣಕಲ್ಲು, ಮೇಲೆ ಜಿಪ್ಸಂ ಲೇಪ. ಸಿಟಿ ಸ್ಕ್ಯಾನ್‌ನಲ್ಲಿ ಕಂಡ ಹಾಗೆ ಮುಖದ ಮೇಲೆ ಒಂದೆರಡು ಮಿಲಿಮೀಟರ್, ಕಿರೀಟದ ಹಿಂದೆ ದಪ್ಪ. ಸುಮಾರು 3,300 ವರ್ಷ ನಿಂತಿದೆ ಅಲ್ವಾ?

ಬರ್ಲಿನ್‌ನಲ್ಲೇ ಇರುವುದರಿಂದ ಮೂಲ ಶಿಲ್ಪ ಇರುವ ನೋಯೆಸ್ ಮ್ಯೂಸಿಯಂಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಆ ಕೋಣೆಯಲ್ಲಿ ಫೋಟೋ ತೆಗೆಯುವಂತಿಲ್ಲ. ಕಣ್ತುಂಬ ನೋಡಿ, ಹೊರಗೆ ಬೆಂಚಿನ ಮೇಲೆ ಕೂತು ಬಣ್ಣ ಬರೆದುಕೊಳ್ಳುತ್ತಿದ್ದೆ. ಅಳತೆಗೆ 2019ರಲ್ಲಿ ಎಲ್ಲರಿಗೂ ಸಿಕ್ಕ ತ್ರೀಡಿ ಸ್ಕ್ಯಾನ್ ಇತ್ತು.

ಅದರಿಂದ ತ್ರೀಡಿ ಪ್ರಿಂಟು ತೆಗೆದು, ಪ್ರಿಂಟಿನ ಮೇಲೆ ಸಿಲಿಕೋನ್ ಅಚ್ಚು ಮಾಡಿಕೊಂಡೆ. ಸೋತದ್ದನ್ನು ಹೇಳುತ್ತೇನೆ. ಮೊದಲನೆಯದು ಗಟ್ಟಿ ಎರಕ, ಹತ್ತಿರ ಹತ್ತಿರ 20 ಕಿಲೋ, ಅಚ್ಚು ಬಿಡಿಸುವಾಗಲೇ ಕತ್ತು ಮುರಿಯಿತು. ಎರಡನೆಯದಕ್ಕೆ ಕಬ್ಬಿಣದ ಸರಳು ಹಾಕಿದೆ. ಮುರಿಯಲಿಲ್ಲ, ಮೂರು ವಾರಕ್ಕೆ ಗಲ್ಲದ ಕೆಳಗೆ ತುಕ್ಕಿನ ಕಲೆ ಮೂಡಿತು. ಈಗ ತುಕ್ಕು ಹಿಡಿಯದ ಸ್ಟೀಲ್ ಸರಳೇ. ಮೂರನೆಯದಕ್ಕೆ ಪ್ಲಾಸ್ಟರ್ ಮತ್ತು ಪರ್ಲೈಟ್ (ಕಾಸಿ ಅರಳಿಸಿದ ಹಗುರ ಕಲ್ಲಿನ ಹರಳು) ಕಲಸಿ ಹಗುರ ತಿರುಳು ಮಾಡಿ, ಅಚ್ಚಿನೊಳಗೆ ನಿಲ್ಲಿಸಿ, ಸುತ್ತಲಿನ ಸಂದಿಗೆ ತೆಳುವಾಗಿ ಹುಯ್ದೆ. ಒಣ ತಿರುಳು ನೀರೆಲ್ಲ ಕುಡಿದುಬಿಟ್ಟು ಮೇಲಿನ ಪದರ ಪುಡಿಯಾಯಿತು. ಗೆಳೆಯರು ಹೇಳಿದ ಹಪ್ಪಳವೇ! ನಾಲ್ಕನೆಯದರ ತಿರುಳಿಗೆ ಗೀರು ಹಾಕಿ ರಾತ್ರಿಯಿಡೀ ನೆನೆಸಿದೆ. ಆ ನೀರಿಗೆ ಇನ್ನೊಂದು ವಸ್ತು ಬೆರೆಸಿದ್ದೆ, ಅದನ್ನು ಮಾತ್ರ ಕೇಳಬೇಡಿ.

ಇನ್ನೊಂದು ಹುಚ್ಚು. 2006ರ ಆ ಸಿಟಿ ಸ್ಕ್ಯಾನ್‌ನಲ್ಲಿ ಒಳಗಿನ ಕಲ್ಲಿನ ಮುಖಕ್ಕೆ ಮೂಗಿನ ಮೇಲೆ ಸಣ್ಣ ಉಬ್ಬು, ಬಾಯಿಯ ಪಕ್ಕ ಗೆರೆ ಕಂಡಿತ್ತು. ನನ್ನ ತಿರುಳಿಗೂ ಅವನ್ನು ಕೆತ್ತಿದೆ. ಯಾರೂ ನೋಡುವುದಿಲ್ಲ, ಎರಡು ಸಂಜೆ ಹೋಯಿತು ಅಷ್ಟೆ.

ಕಿರೀಟದ ನೀಲಿಯನ್ನೂ ನಾನೇ ಸುಡಲು ಹೋದೆ. ಮರಳು, ಸೀಮೆಸುಣ್ಣ, ತಾಮ್ರ, ಸೋಡಾ ಬೆರೆಸಿ ಗೆಳತಿಯ ಕುಂಬಾರಿಕೆ ಭಟ್ಟಿಗೆ ಇಟ್ಟರೆ ಶಾಖ ಜಾಸ್ತಿಯಾಗಿ ಹಸಿರು ಗಾಜು ಬಂತು. ಭಟ್ಟಿಯ ತಟ್ಟೆಯೂ ಹಾಳು, ಅದರ ದುಡ್ಡೂ ಕೊಟ್ಟೆ. ಆಮೇಲೆ ಅಂಗಡಿ ನೀಲಿಯನ್ನೇ ತಂದೆ, ಸಣ್ಣ ಡಬ್ಬಿಗೆ 40 ಯೂರೋ ಇರಬೇಕು. ಮೂಲದ ಹಳದಿ ಹರಿತಾಳ, ಅಂದರೆ ಆರ್ಸೆನಿಕ್ ಇರುವ ವಿಷದ ಖನಿಜ. ಅದರ ತಂಟೆಗೆ ಹೋಗದೆ ಹಳದಿ ಕಾವಿ ಹಚ್ಚಿದೆ. ಬಲಗಣ್ಣಿಗೆ ಸ್ಫಟಿಕ, ಹಿಂದೆ ಕರಿ ಬೆರೆಸಿದ ಜೇನುಮೇಣ.

ಎಲ್ಲ ಸೇರಿ 650 ಯೂರೋ ದಾಟಿದೆ, ಅರ್ಧ ಸಿಲಿಕೋನ್‌ಗೇ. ಒಂದು ಕೆಫೆಯವರು 500ಕ್ಕೆ ಕೊಂಡರು. "ಎಡಗಣ್ಣು ಮರೆತಿರಾ?" ಎಂದು ಕೇಳಿದರು. 1912ರ ಡಿಸೆಂಬರ್‌ನಲ್ಲಿ ಮೂಲ ಶಿಲ್ಪ ಸಿಕ್ಕಾಗಲೇ ಆ ಕಣ್ಣು ಇರಲಿಲ್ಲ, ಮಣ್ಣು ಜರಡಿ ಹಿಡಿದರೂ ಸಿಗಲಿಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ಆದರೂ ಇನ್ನೊಂದು ಬೇಕಂತೆ. ಅದರ ತಿರುಳು ಈಗ ಬಾತ್‌ಟಬ್‌ನಲ್ಲಿ ನೆನೆಯುತ್ತಿದೆ, ನಾಳೆಯವರೆಗೆ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ.